ಕಾಯಕಶುದ್ಧಿಯೂ ಹೊಗೆಯ ಋಣವೂ



ಅನ್ಯರನ್ನು ನೋಯಿಸಿ ತಂದ ದ್ರವ್ಯವು ಲಿಂಗಾರ್ಪಿತಕ್ಕೆ ಸಲ್ಲದೆಂಬುದು ಶರಣರ ನಿಲುವು. ಆ ಶೋಧನೆಯನ್ನು ಇಂದು ನಾವು ಬಿಡುವ ಹೊಗೆಗೂ ವಿಸ್ತರಿಸಬೇಕಾಗಿದೆ.

ಯಂತ್ರಯುಗಕ್ಕೆ ಮುನ್ನ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲವು ಈಗ 420ನ್ನು ಮೀರಿದೆ. ಕಲ್ಲಿದ್ದಲು, ಪೆಟ್ರೋಲುಗಳ ದಹನವೇ ಇದಕ್ಕೆ ಮುಖ್ಯ ಕಾರಣ. ಈ ಅನಿಲವು ಭೂಮಿಯ ತಾಪವನ್ನು ಹೊರಹೋಗಗೊಡದು. ಕಾದ ಗಾಳಿಯು ನೆಲದ ತೇವವನ್ನು ಹೆಚ್ಚು ಹೀರುವುದು. ಹೀರಿದುದನ್ನು ಒಮ್ಮೆಗೇ ಸುರಿಯುವುದು. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ ತೀರದ ಊರುಗಳು ನೆರೆಯಲ್ಲಿ ಮುಳುಗಿದವು. 2023ರಲ್ಲಿ ಕರ್ನಾಟಕದ 200ಕ್ಕೂ ಮಿಕ್ಕ ತಾಲ್ಲೂಕುಗಳು ಬರಪೀಡಿತವೆನಿಸಿದವು. ತಾಪವೇರಿದಂತೆ ಇಂಥ ಅತಿರೇಕಗಳು ಹೆಚ್ಚುವುವೆಂದು ವಿಜ್ಞಾನಿಗಳು ಎಚ್ಚರಿಸುತ್ತಾರೆ.

“ಗೃಹಸ್ಥನಾದ ನನ್ನಿಂದೇನು?” ಎನ್ನಬೇಡಿರಿ. ಎಲೆಯಲ್ಲಿ ಬಿಟ್ಟ ಅನ್ನವು ಕಸದ ರಾಶಿಯಡಿ ಕೊಳೆತು ಮೀಥೇನ್ ಆಗಿ ಜಗವನ್ನು ಕಾಯಿಸುವುದು. ವೃಥಾ ಉರಿವ ದೀಪಕ್ಕಾಗಿ ಎಲ್ಲಿಯೋ ಕಲ್ಲಿದ್ದಲು ಉರಿಯುವುದು. ಪ್ರಸಾದವನ್ನು ಕೆಡಿಸದಿರುವುದು, ಬಿಸಿಲಿನಿಂದಲೇ ನೀರು ಕಾಯಿಸುವುದು, ಹೊಲದ ಬದುವಿನಲ್ಲಿ ಮರ ಬೆಳೆಸುವುದು ಇವೆಲ್ಲ ನಮ್ಮ ಕೈಯಳವಿನವೇ. ಸರಕಾರಗಳೂ ಕಾರಖಾನೆಗಳೂ ಮಾಡಬೇಕಾದುದು ಇನ್ನೂ ಹಿರಿದು. ಮನೆಯನ್ನು ತಿದ್ದಿಕೊಂಡವನು ಅದನ್ನು ಕೇಳಿದರೆ ಮಾತಿಗೆ ಬಲವುಂಟು.

ನಾವು ಬಿಟ್ಟ ಇಂಗಾಲಾಮ್ಲದ ಒಂದು ಪಾಲು ಶತಮಾನಗಳವರೆಗೂ ಗಾಳಿಯಲ್ಲಿ ಉಳಿಯುವುದು. ಋಣ ಮಾಡುವವರು ನಾವು, ತೀರಿಸುವವರು ಇನ್ನೂ ಹುಟ್ಟದ ಮಕ್ಕಳು. ಇಂದಿನ ಮಿತಬಳಕೆಯೇ ಅವರಿಗೆ ನಾವು ನೀಡಬಹುದಾದ ದಾಸೋಹ.