ತೊಗಲಿನ ನಡುಕಟ್ಟು

ನಮ್ಮ ಹಳ್ಳಿಯ ಸಭೆಗಳಲ್ಲಿ ಆಗಾಗ್ಗೆ ಏಳುವ ಒಂದು ಪ್ರಶ್ನೆಯನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ. ತೊಗಲಿನ ಕೆಲಸವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಒಂದು ಮನೆಯುಂಟೆಂದು ಎಣಿಸೋಣ. ತಂದೆಯು ಜೀನು, ಮಿಣಿ, ನಡುಪಟ್ಟಿಗಳನ್ನು ಹೊಲಿಯುವದರಲ್ಲಿ ನಿಪುಣನು. ಮಗನು ಶಾಲೆಯಲ್ಲಿ ಓದಿ ತೇರ್ಗಡೆಯಾಗಿ, ಇನ್ನು ಉಳಿಯನ್ನು ಮುಟ್ಟುವದಿಲ್ಲ ಎನ್ನುತ್ತಾನೆ. ತಂದೆಯು ಉಪದೇಶಿಯನ್ನು ಕರೆಯಿಸಿ, “ಅಯ್ಯನವರೇ, ಹೆತ್ತವರ ಕಸುಬನ್ನು ಹೀನವೆಂದೆಣಿಸುವ ಇವನಿಗೆ ನೀವೇ ಬುದ್ಧಿ ಹೇಳಬೇಕು” ಎಂದು ಬೇಡಿಕೊಳ್ಳುತ್ತಾನೆ. ಏನು ಹೇಳತಕ್ಕದ್ದು? ಕೈಕಸುಬು ಶ್ರೇಷ್ಠವೆಂದು ಹೇಳಿಬಿಡುವದು ಸುಲಭ. ಅಷ್ಟು ಸುಲಭವಾಗಿ ಬಾಯಿಗೆ ಬರುವ ಉತ್ತರವನ್ನು ಸ್ವಲ್ಪ ತಡೆದು ನೋಡುವದು ಒಳ್ಳೇದು.

ಒಂದು ಕಸುಬಿನ ವಿಷಯದಲ್ಲಿ ತೀರ್ಪು ಹೇಳುವದಕ್ಕೆ ಮುಂಚೆ ಅದನ್ನು ಕಣ್ಣಾರೆ ನೋಡಿ ತಿಳಿಯುವದು ನ್ಯಾಯ. ಮೈಸೂರು ಪಟ್ಟಣದಲ್ಲಿ ದೇವರಾಜ ಮಾರುಕಟ್ಟೆಯ ಸಮೀಪ, ಚಿಕ್ಕ ಗಡಿಯಾರದ ಕಡೆಯಲ್ಲಿ, ರಸ್ತೆಯ ಅಂಚಿಗೆ ಕುಳಿತು ನಡುಪಟ್ಟಿ ಹೊಲಿಯುವ ಒಬ್ಬ ಹಿರಿಯರ ಬಳಿಯಲ್ಲಿ ನಾವು ಒಂದು ಮಧ್ಯಾಹ್ನವೆಲ್ಲಾ ನಿಂತು ನೋಡಿದೆವು. ಈಗಿನವರು ಇದನ್ನು ಬೆಲ್ಟು ಎನ್ನುತ್ತಾರೆ. ನಮ್ಮ ಸತ್ಯವೇದದ ಕನ್ನಡದಲ್ಲಿ ನಡುಕಟ್ಟು ಎಂಬ ಹೆಸರುಂಟು.

ಮೊದಲನೆಯದು ತೊಗಲನ್ನು ಆರಿಸುವ ಜಾಣತನ. ಎಮ್ಮೆಯ ತೊಗಲಿನಲ್ಲಿ ಬೆನ್ನಿನ ಎರಡು ಪಕ್ಕದ ಭಾಗವೇ ಪಟ್ಟಿಗೆ ತಕ್ಕದ್ದು. ಹೊಟ್ಟೆಯ ಭಾಗವು ಸಡಿಲವಾಗಿ, ಎಳೆದಷ್ಟೂ ಹಿಗ್ಗುವದು. 36 ಅಂಗುಲ ಸೊಂಟದವನಿಗೆ ಸುಮಾರು 46 ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ಪಟ್ಟಿ ಬೇಕು. ಹೆಚ್ಚಿನ ಹತ್ತು ಅಂಗುಲ ಬಕ್ಕಲಿನ ಸುತ್ತಲೂ ಮಡಚುವದಕ್ಕೂ ತುದಿಯನ್ನು ಚಾಚುವದಕ್ಕೂ ಹೋಗುತ್ತದೆ. ಸುಣ್ಣದ ನೀರಿನಲ್ಲಿ ನೆನಸಿ, ಕೂದಲು ಕೆರೆದು, ತಂಗಡಿಯ ತೊಗಟೆ ಅಳಲೆಕಾಯಿಗಳ ರಸದಲ್ಲಿ ವಾರಗಟ್ಟಲೆ ಇಟ್ಟು ಹದಮಾಡುವದು ಹಳೆಯ ಕ್ರಮ. ಆ ಗುಂಡಿಗಳ ವಾಸನೆಯನ್ನು ಬಲ್ಲವರು ನಮ್ಮ ವಾಚಕರಲ್ಲಿಯೇ ಅನೇಕರಿರುವದರಿಂದ ಅದನ್ನು ವರ್ಣಿಸುವದಿಲ್ಲ. ಈಗ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಕಾರ್ಖಾನೆಗಳಲ್ಲಿ ಕ್ರೋಮಿಯಂ ಲವಣದಿಂದ ಬೇಗನೆ ಹದಮಾಡುವ ಪದ್ಧತಿ ಬೆಳೆದದೆ. ಗಟ್ಟಿ ಪಟ್ಟಿಗೆ ಮಾತ್ರ ತೊಗಟೆಯ ಹದವೇ ಮೇಲೆಂದು ಆ ಹಿರಿಯರ ಅಭಿಪ್ರಾಯ.

ಹೊಲಿಗೆಯ ಕ್ರಮ ಹೇಗಂದರೆ, ಅಂಚಿಗೆ ಸಮನಾಗಿ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಉಳಿಯಿಂದ ಓರೆಯಾಗಿ ತೂತು ಚುಚ್ಚುವರು. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರವನ್ನು ತೆಗೆದು, ಜೇನುಮೇಣದಲ್ಲಿ ಎಳೆದು, ಎರಡು ಕೊನೆಗಳಿಗೂ ಒಂದೊಂದು ಸೂಜಿಯನ್ನು ಪೋಣಿಸುವರು. ಪ್ರತಿಯೊಂದು ತೂತಿನಲ್ಲಿ ಒಂದು ಸೂಜಿ ಈಚೆಯಿಂದಲೂ ಮತ್ತೊಂದು ಆಚೆಯಿಂದಲೂ ದಾಟಬೇಕು. ಬಳಿಕ ಎರಡು ಕೈಗಳೂ ಸಮಬಲದಿಂದ ಎಳೆಯಬೇಕು. ಅಂಗುಲಕ್ಕೆ ಏಳು ಹೊಲಿಗೆಯಂತೆ ಎರಡು ಅಂಚುಗಳಲ್ಲಿ 600ಕ್ಕೆ ಮೇಲ್ಪಟ್ಟು ಹೊಲಿಗೆಗಳಾಗುವವು. ಯಂತ್ರದಲ್ಲಿ ಮೇಲಿನ ದಾರ ಬೇರೆ, ಕೆಳಗಿನ ದಾರ ಬೇರೆ. ತೂತಿನ ನಡುವೆ ಒಂದನ್ನೊಂದು ಕೊಕ್ಕೆಯಂತೆ ಹಿಡಿದುಕೊಂಡಿರುತ್ತವೆ. ಒಂದು ಸವೆದು ಹರಿದರೆ ಮತ್ತೊಂದಕ್ಕೆ ಹಿಡಿತವಿಲ್ಲದೆ ಸಾಲಾಗಿ ಬಿಚ್ಚಿಹೋಗುವದು. ಎರಡು ಸೂಜಿಯ ಹೊಲಿಗೆಯಲ್ಲಿಯೋ, ಒಂದು ಎಳೆ ಹರಿದರೂ ಎದುರಿನ ಎಳೆಯು ಅದೇ ತೂತುಗಳಲ್ಲಿ ನಿಂತು ಪಟ್ಟಿಯನ್ನು ಕಾಯುತ್ತದೆ. ಕಡೆಗೆ ಅಂಚಿಗೆ ನೀರು ಸವರಿ, ಮರದ ತುಂಡಿನಿಂದ ಉಜ್ಜಿ ಉಜ್ಜಿ, ಗಾಜಿನಂತೆ ಹೊಳೆಯಿಸುವರು.

ನಾವು ನಿಂತಿದ್ದಾಗಲೇ ಒಬ್ಬನು ಬಂದು ಕ್ರಯ ಕೇಳಿ, ಅಂಗಡಿಯಲ್ಲಿ ಇದರ ಕಾಲುಭಾಗಕ್ಕೆ ಸಿಕ್ಕುತ್ತದೆಂದು ಹಂಗಿಸಿದನು. “ಹಾಗಾದರೆ ಅದನ್ನೇ ತಗೊಳ್ಳಿ ಸ್ವಾಮಿ, ಒಂದು ಮಳೆಗಾಲ ಬರುತ್ತದೆ” ಎಂದು ಹಿರಿಯರು ತಲೆಯೆತ್ತದೆ ಹೇಳಿದರು. ಅವರ ಮಾತು ಸರಿಯೇ. ತೊಗಲಿನ ಚೂರುಗಳನ್ನು ಪುಡಿಮಾಡಿ, ಅಂಟಿನಲ್ಲಿ ಕಲಸಿ, ಹಾಳೆಯಾಗಿ ಒತ್ತಿ, ಮೇಲೆ ತೊಗಲಿನ ಗೆರೆಗಳನ್ನು ಅಚ್ಚುಹಾಕಿದ ಪಟ್ಟಿಗಳು ಈಗ ಅಂಗಡಿಗಳಲ್ಲಿ ಹೇರಳವಾಗಿವೆ. ಬೆವರೂ ನೀರೂ ತಾಕಿದ ಕೆಲವು ತಿಂಗಳುಗಳಲ್ಲಿ ಅವು ಸಿಪ್ಪೆ ಸುಲಿದುಕೊಳ್ಳುತ್ತವೆ. ಹಿರಿಯರಿಗೆ ಮಕ್ಕಳಿದ್ದಾರೋ ಎಂದು ನಾವು ಕೇಳಿದೆವು. “ಒಬ್ಬ ಮಗ, ಐ.ಟಿ.ಐ. ಓದುತ್ತಾನೆ. ರಜೆಯ ದಿನ ಬಂದು ದಾರಕ್ಕೆ ಮೇಣ ಹಚ್ಚಿಕೊಡುತ್ತಾನೆ. ಹೊಲಿಗೆ ಕಲಿಸಿದ್ದೇನೆ ಸ್ವಾಮಿ, ಇಲ್ಲಿ ಕೂತುಕೋ ಅಂತ ಹೇಳಿಲ್ಲ” ಎಂದರು.

ಇಷ್ಟು ಯೋಚನೆಯೂ ಇಷ್ಟು ಕೈಚಳಕವೂ ಬೇಕಾದ ಕೆಲಸವು ಹೀನವೆಂದು ಹೇಗೆ ಎನಿಸಿಕೊಂಡಿತು? ಸತ್ತ ಪ್ರಾಣಿಯನ್ನು ಮುಟ್ಟುವದರಿಂದ ಮೈಲಿಗೆ ಎನ್ನುವರು. ಹಾಗಾದರೆ ಅದೇ ತೊಗಲನ್ನು ಹಗಲೆಲ್ಲಾ ಸೊಂಟಕ್ಕೆ ಬಿಗಿದುಕೊಂಡು ತಿರುಗುವವನಿಗೆ ಮೈಲಿಗೆ ಯಾಕಿಲ್ಲ? ಮೃದಂಗ ಬಾರಿಸುವವನಿಗೆ ಯಾಕಿಲ್ಲ? ದಸರೆಯ ಜಂಬೂಸವಾರಿಯಲ್ಲಿ ಸಾಗುವ ಕುದುರೆ ಪೊಲೀಸರ ಜೀನು, ಲಗಾಮುಗಳೂ ತೊಗಲೇ. ಅರಮನೆಯ ಅಂಗಳದಲ್ಲಿ ಅವುಗಳನ್ನು ಯಾರೂ ತಡೆಯುವದಿಲ್ಲ. ಮೈಲಿಗೆಯು ತೊಗಲಿನಲ್ಲಿದ್ದ ಪಕ್ಷದಲ್ಲಿ ತೊಗಲಿನ ಸಂಗಡಲೇ ಊರೊಳಕ್ಕೆ ಹೋಗಬೇಕಾಗಿತ್ತು. ಪಟ್ಟಿಯು ಊರೊಳಕ್ಕೆ ಹೋಯಿತು, ಹೊಲಿದವನು ಊರ ಹೊರಗೆ ಉಳಿದನು. ಆದಕಾರಣ ಮೈಲಿಗೆ ಎಂಬದನ್ನು ತೊಗಲಿನಲ್ಲಿ ಹುಡುಕುವದು ವ್ಯರ್ಥ.

ಯೊಪ್ಪ ಪಟ್ಟಣದ ಚರ್ಮಕಾರನಾದ ಸೀಮೋನನ ಮನೆಯು ಸಮುದ್ರದ ಬಳಿಯಲ್ಲಿತ್ತೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಆ ಕಸುಬಿಗೆ ನೀರು ಬೇಕು. ಯೆಹೂದ್ಯರೂ ಆ ಕಸುಬಿನವರನ್ನು ಸ್ವಲ್ಪ ದೂರವೇ ಇಡುತ್ತಿದ್ದರು. ಪೇತ್ರನು ಅನೇಕ ದಿವಸ ಇಳುಕೊಂಡಿದ್ದದ್ದು ಅದೇ ಮನೆಯಲ್ಲಿ. (ಅದೇ ಕರಾವಳಿಯಲ್ಲಿ ಉತ್ತರಕ್ಕಿರುವ ಹೈಫಾ ಪಟ್ಟಣವನ್ನು 1918ನೇ ಸೆಪ್ಟೆಂಬರ್ 23ರಂದು ಜೋಧಪುರದವರ ಸಂಗಡ ಹಿಡಿದವರು ನಮ್ಮ ಮೈಸೂರಿನ ಲ್ಯಾನ್ಸರ್ ಸವಾರರು. ಅಂದು ಜೀನಿನ ಹೊಲಿಗೆ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಹೊಲಿದವರನ್ನು ಯಾರು ನೆನಸುತ್ತಾರೆ?) ಕನ್ನಡ ನಾಡಿನ ವಚನಕಾರನಾದ ಮಾದಾರ ಚೆನ್ನಯ್ಯನು ತನ್ನ ವಚನಗಳ ಅಂಕಿತದಲ್ಲಿಯೇ ಕೈಯುಳಿಯನ್ನೂ ಕತ್ತಿಯನ್ನೂ ಅಡಿಗೂಟವನ್ನೂ ಸೇರಿಸಿಕೊಂಡನು. ತನ್ನ ಕಸುಬಿಗೆ ನಾಚುವವನು ಹಾಗೆ ಮಾಡನು.

ಇಲ್ಲಿಗೆ ನಿಲ್ಲಿಸಿದರೆ ತಂದೆಗೆ ಸಂತೋಷವಾದೀತು. ಆದರೆ ಮಗನ ಪಕ್ಷದಲ್ಲಿ ಹೇಳಬೇಕಾದದ್ದು ಇನ್ನೂ ಅದೆ. ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ ಚಪ್ಪಲಿ ಹೊಲಿಯುವದನ್ನು ಕಲಿತು, ತಾವು ಹೊಲಿದ ಒಂದು ಜೊತೆಯನ್ನು, ತಮ್ಮನ್ನು ಸೆರೆಯಲ್ಲಿರಿಸಿದ ಸರಕಾರದ ಜನರಲ್ ಸ್ಮಟ್ಸರಿಗೆ ಕಾಣಿಕೆಯಾಗಿ ಕೊಟ್ಟು, 1914ರಲ್ಲಿ ಆ ದೇಶವನ್ನು ಬಿಟ್ಟರು. ಅದು ದೊಡ್ಡ ಕಾರ್ಯವೇ. ಆದರೂ ಬೇಡವಾದ ದಿನ ಉಳಿಯನ್ನು ಕೆಳಗಿಡುವ ಸ್ವಾತಂತ್ರ್ಯವು ಅವರಿಗಿತ್ತು. ಅವರ ಮಕ್ಕಳನ್ನು ಯಾರೂ ಆ ಕಸುಬಿನ ಹೆಸರಿನಿಂದ ಕರೆಯಲಿಲ್ಲ. 2016ನೇ ಜುಲೈ ತಿಂಗಳಲ್ಲಿ ಗುಜರಾತಿನ ಊನಾ ಎಂಬಲ್ಲಿ ಸತ್ತ ಹಸುವಿನ ತೊಗಲು ಸುಲಿಯುತ್ತಿದ್ದ ಯುವಕರನ್ನು ಹಿಡಿದು, ಬೀದಿಯಲ್ಲಿ ಕಟ್ಟಿ ಹೊಡೆದರು. ಆ ಬಳಿಕ ಅಲ್ಲಿಯ ಬಹು ಜನರು ಇನ್ನು ಈ ಕೆಲಸವನ್ನು ಮಾಡೆವೆಂದು ಪ್ರತಿಜ್ಞೆ ಮಾಡಿದರು. ಅವರಿಗೆ ಹೋಗಿ ಕೈಕಸುಬಿನ ಹಿರಿಮೆಯನ್ನು ಯಾರು ಉಪದೇಶಿಸುವರು? ಬಿಡುವ ಹಕ್ಕಿಲ್ಲದವನು ಉಳಿಯನ್ನು ಹಿಡಿದಿದ್ದರೆ ಅದರಲ್ಲಿ ಹೊಗಳತಕ್ಕದ್ದು ಏನದೆ? ಹೊಗಳುವವರಲ್ಲಿ ಎಷ್ಟು ಮಂದಿ ತಮ್ಮ ಮಗನನ್ನು ಚಿಕ್ಕ ಗಡಿಯಾರದ ಬಳಿಗೆ ಕಲಿಯಲು ಕಳುಹಿಸುವರು?

1950ರಿಂದ ನಮ್ಮ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 1976ರಲ್ಲಿ ಸ್ಥಾಪಿತವಾದ ಕರ್ನಾಟಕದ ಚರ್ಮ ಕೈಗಾರಿಕಾ ನಿಗಮವು ಲಿಡ್ಕರ್ ಎಂಬ ಹೆಸರಿನಿಂದ ತೊಗಲಿನ ಸಾಮಾನುಗಳನ್ನು ಮಾರುತ್ತಾ ಬಂದಿದೆ. ಕಸುಬಿನಲ್ಲಿ ಉಳಿಯುವವನಿಗೆ ಇವು ಸಹಾಯವೇ. ಆದರೆ ಉಳಿಯುವದೋ ಬಿಡುವದೋ ಎಂಬದನ್ನು ಯಾವ ನಿಗಮವೂ ಯಾವ ಉಪದೇಶಿಯೂ ಹುಡುಗನ ಬದಲಾಗಿ ನಿರ್ಣಯಿಸಲಾರರು.

ಹಾಗಾದರೆ ಮಗನಿಗೆ ಬುದ್ಧಿ ಹೇಳುವದು ಬೇಡವೋ? ಕೂಲಿ ಸಾಲದೆಂದು ಅವನು ಬಿಡುವದಾದರೆ ಅದು ಲೆಕ್ಕದ ಮಾತು. ಅದರಲ್ಲಿ ನಮಗೆ ಹೇಳತಕ್ಕದ್ದು ಏನೂ ಇಲ್ಲ. ನಾಚಿಕೆಯಿಂದ ಬಿಡುವದಾದರೆ, ಆ ನಾಚಿಕೆಯನ್ನು ಅವನು ಎಲ್ಲಿ ಕಲಿತನೆಂದು ವಿಚಾರಿಸಬೇಕು. ಊರಿನವರಿಂದ ಕಲಿತನೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ನಮ್ಮ ಸಭೆಗಳಲ್ಲಿಯೂ ಹೆಣ್ಣು ಗಂಡಿನ ಮಾತು ನಡೆಯುವಾಗ ಹಿರಿಯರು ಮೆಲ್ಲಗೆ, “ಅವರ ಅಜ್ಜನ ಕಾಲದಲ್ಲಿ ಏನು ಮಾಡುತ್ತಿದ್ದರು?” ಎಂದು ಕೇಳುವದನ್ನು ಹುಡುಗರು ಬಾಗಲ ಮರೆಯಲ್ಲಿ ನಿಂತು ಕೇಳುವದಿಲ್ಲವೇ? ಆದಕಾರಣ, ಮಗನನ್ನು ಗದರಿಸಿರೆಂದು ಆ ತಂದೆಯು ನಮ್ಮನ್ನು ಕರೆದಾಗ, ಮಗನನ್ನು ಕೂಗುವದಕ್ಕೆ ಮುಂಚೆ ತಂದೆಯನ್ನೇ ಒಂದು ಮಾತು ಕೇಳಬೇಕೆಂದಿದ್ದೇವೆ: ಅಯ್ಯಾ, ಹೋದ ವರುಷ ಮಗಳ ನಿಶ್ಚಯಕ್ಕೆ ನೆಂಟರು ಬಂದ ದಿನ, ನಿಮ್ಮ ಉಳಿಯನ್ನೂ ಕತ್ತಿಯನ್ನೂ ಎಲ್ಲಿ ಇಟ್ಟಿದ್ದಿರಿ?