ರೊಟ್ಟಿಯ ನಾಡಿನಲ್ಲಿ ರೊಟ್ಟಿ ಬಿಡುವುದು

ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಊಟಕ್ಕೆ ಕೂತವರು 'ನನಗ ರೊಟ್ಟಿ ಬ್ಯಾಡ' ಎಂದರೆ ನೀಡುವ ಕೈ ಅಲ್ಲೇ ನಿಲ್ಲುತ್ತದೆ. ಪಲ್ಯ ಬೇಡವೆಂದರೆ ರುಚಿ ಹಿಡಿಸಲಿಲ್ಲ ಅಂದುಕೊಳ್ಳುತ್ತಾರೆ. ಅನ್ನ ಬೇಡವೆಂದರೆ ಹೊಟ್ಟೆ ತುಂಬಿತು ಅಂದುಕೊಳ್ಳುತ್ತಾರೆ. ರೊಟ್ಟಿ ಬೇಡವೆಂದಾಗ ಮಾತ್ರ 'ಯಾಕ, ಆರಾಮಿಲ್ಲೇನು?' ಎಂಬ ಪ್ರಶ್ನೆ ಏಳುತ್ತದೆ. 'ಹೌದು, ಸಕ್ಕರಿ ಐತಿ' ಎಂದು ಉತ್ತರಿಸುವವರು ಈಗ ಬಾಗಲಕೋಟೆಯ ನವನಗರದಲ್ಲೂ ಸಿಗುತ್ತಾರೆ, ಇಳಕಲ್ಲಿನ ನೇಕಾರರ ಓಣಿಯಲ್ಲೂ ಸಿಗುತ್ತಾರೆ. ಅವರಲ್ಲಿ ಕೆಲವರು ವೈದ್ಯರ ಮಾತು ಕೇಳಿ, ಇನ್ನು ಕೆಲವರು ಮೊಬೈಲಿನಲ್ಲಿ ನೋಡಿ, ಪಿಷ್ಟ ತಗ್ಗಿಸಿ ಕೊಬ್ಬು ಹೆಚ್ಚಿಸುವ ಊಟಕ್ಕೆ ಇಳಿದವರು. ಆರಂಭಿಸಿದವರು ಬಹಳ. ಮುಂದಿನ ಸುಗ್ಗಿಯವರೆಗೂ ಅದರಲ್ಲೇ ನಿಂತವರು ಕಡಿಮೆ.

ಈ ಊಟದ ಲೆಕ್ಕ ಹೇಳುವುದಕ್ಕೆ ಸರಳ. ಧಾನ್ಯದ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ. ಅದು ಜೀವಕೋಶಗಳನ್ನು ಸೇರಲು ಇನ್ಸುಲಿನ್ ಬೇಕು. ಪಿಷ್ಟವನ್ನು ತೀರ ತಗ್ಗಿಸಿದರೆ ದೇಹ ಕೊಬ್ಬನ್ನು ಉರಿಸಲು ತೊಡಗುತ್ತದೆ, ಯಕೃತ್ತು ಕೀಟೋನ್‌ಗಳನ್ನು ತಯಾರಿಸುತ್ತದೆ. ಕಟ್ಟುನಿಟ್ಟಾದ ಕೀಟೋ ಊಟದಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಪಿಷ್ಟಕ್ಕಷ್ಟೇ ಅವಕಾಶ. ಜೋಳದ ಹಿಟ್ಟಿನಲ್ಲಾದರೋ 100 ಗ್ರಾಮಿಗೆ ಸುಮಾರು 70 ಗ್ರಾಂ ಪಿಷ್ಟವೇ ಇರುತ್ತದೆ. 50 ಗ್ರಾಂ ಹಿಟ್ಟಿನಿಂದ ಬಡಿದ ಒಂದು ರೊಟ್ಟಿಗೆ 35 ಗ್ರಾಂ ಬಂತು. ಎರಡನೆಯ ರೊಟ್ಟಿ ಗಂಗಾಳಕ್ಕೆ ಬೀಳುವ ಹೊತ್ತಿಗೆ ದಿನದ ಲೆಕ್ಕ ಮೀರಿರುತ್ತದೆ. ಅದರ ಮೇಲೆ ಅನ್ನ-ಸಾರು, ಅನ್ನ-ಮೊಸರು, ನಡುನಡುವೆ ಸಕ್ಕರೆ ಚಹಾ, ಸಂಜೆಗೆ ಗಿರ್ಮಿಟ್ಟು.

ಈ ಪಥ್ಯವೇನೂ ಹೊಸದಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಶವಸಂಸ್ಕಾರ ವ್ಯವಸ್ಥಾಪಕ ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ, ಬಿಯರ್ ಬಿಟ್ಟು ಮೈ ಇಳಿಸಿಕೊಂಡದ್ದನ್ನು ಕಿರುಹೊತ್ತಿಗೆ ಮಾಡಿ ಹಂಚಿದ್ದ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಮೂರ್ಛೆರೋಗದ ಚಿಕಿತ್ಸೆಗೆ ಕೀಟೋ ಊಟವನ್ನು ಸೂಚಿಸಿದ. ಹೆಚ್ಚು ಯೋಚನೆಗೆ ಹಚ್ಚುವುದು 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನ. 609 ಜನರಲ್ಲಿ ಒಂದು ಗುಂಪಿಗೆ ಪಿಷ್ಟ ಕಡಿಮೆಯ ಊಟ, ಇನ್ನೊಂದಕ್ಕೆ ಕೊಬ್ಬು ಕಡಿಮೆಯ ಊಟ. ವರ್ಷ ಕಳೆದ ಮೇಲೆ ಎರಡೂ ಗುಂಪುಗಳ ಸರಾಸರಿ ತೂಕದ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಒಂದೊಂದು ಗುಂಪಿನೊಳಗೇ ಬಹಳ ತೂಕ ಇಳಿಸಿದವರೂ ಇದ್ದರು, ತೂಕ ಏರಿಸಿಕೊಂಡವರೂ ಇದ್ದರು. ಮಧುಮೇಹಿಗಳಲ್ಲಿ ಪಿಷ್ಟ ತಗ್ಗಿದರೆ ರಕ್ತದ ಸಕ್ಕರೆ ತಗ್ಗುವುದು ನಿಜ. ಅಷ್ಟು ಒಪ್ಪಿಕೊಂಡ ಮೇಲೆ ಉಳಿಯುವ ಪ್ರಶ್ನೆ ಬೇರೆ: ತಾನು ಹುಟ್ಟಿದ ನೆಲದ ಆಹಾರವನ್ನೇ ಮನುಷ್ಯ ದಿನದಿನವೂ ಬೇಡವೆನ್ನುವುದು ಯಾವ ಬಲದ ಮೇಲೆ?

ಈ ಪ್ರಶ್ನೆ ಇಲ್ಲಿ ಭಾರವಾಗುವುದಕ್ಕೆ ಕಾರಣ ಹಸಿವಿನ ಇತಿಹಾಸ. 1876ರಿಂದ 78ರ ಮಹಾಬರದ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಕಲಾದಗಿ ಜಿಲ್ಲೆಯಲ್ಲಿದ್ದವು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ನೆಲ ಅಗೆದು ಹಗೇವು ಮಾಡಿ, ಜೋಳ ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಯ್ದುಕೊಂಡ ಜನ ಇವರು. ಕಟಕರೊಟ್ಟಿ ಒಣಗಿಸಿ ಪೇರಿಸಿಡುವ ಅಭ್ಯಾಸವೂ ನಾಳೆಯನ್ನು ನಂಬದ ನೆಲದ್ದೇ. ಅಂಥ ಮನೆಯ ಅಜ್ಜಿ ಮೊಮ್ಮಗನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಲು ಬಂದಾಗ ಆಕೆಯ ಕೈಯಲ್ಲಿರುವುದು ಪಿಷ್ಟದ ಲೆಕ್ಕವಲ್ಲ, ಮಗು ಹಸಿಯಬಾರದೆಂಬ ತಲೆಮಾರುಗಳ ಭಯ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವ ಆರೋಗ್ಯಬೋಧೆ ನನಗೆ ಒಪ್ಪಿಗೆಯಿಲ್ಲ. ಆ ಭಯಕ್ಕೆ ಗೌರವ ಕೊಡದೆ ಈ ಸೀಮೆಯಲ್ಲಿ ಯಾವ ಪಥ್ಯವೂ ನೆಲೆ ನಿಲ್ಲದು.

ಬರದ ನೆನಪು ದೇವರ ರೂಪದಲ್ಲೂ ಇದೆ. ಬಾದಾಮಿಯ ಹತ್ತಿರ ಚೊಳಚಗುಡ್ಡದ ಬನಶಂಕರಿಯನ್ನು ಭಕ್ತರು ಶಾಕಂಬರಿ ಎಂದೂ ಕರೆಯುತ್ತಾರೆ. ಮಳೆಯಿಲ್ಲದೆ ಲೋಕ ಒಣಗಿದಾಗ ತನ್ನ ಮೈಯಿಂದ ಹುಟ್ಟಿದ ಕಾಯಿಪಲ್ಯದಿಂದ ಜೀವಗಳನ್ನು ಉಳಿಸಿದವಳು ಎಂಬುದು ಪುರಾಣ. ಬನದ ಹುಣ್ಣಿಮೆಯ ತೇರಿಗೆ ಮುನ್ನ ಪಲ್ಯದ ಹಬ್ಬದಲ್ಲಿ ಆಕೆಗೆ 108 ಬಗೆಯ ಪಲ್ಯದ ನೈವೇದ್ಯ. ಜೋಳದ ಸೀಮೆಯ ಈ ತಾಯಿ ವರ್ಷಕ್ಕೊಮ್ಮೆ ಉಣ್ಣುವ ಎಡೆಯಲ್ಲಿ ಮುಂದೆ ನಿಲ್ಲುವುದು ಸೊಪ್ಪು, ಕಾಯಿ, ಕಾಳು. ಗುಡಿಯ ಹೊರಗೆ ಬುಟ್ಟಿ ಇಟ್ಟು ಕೂತ ಹೆಣ್ಣುಮಕ್ಕಳು ರೊಟ್ಟಿಯ ಜೊತೆಗೆ ನೀಡುವುದನ್ನು ನೋಡಿ: ಪುಂಡಿಪಲ್ಯ, ಮಡಿಕೆಕಾಳು, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ರಂಜಕ, ಮಣ್ಣಿನ ಗಡಿಗೆಯ ಗಟ್ಟಿ ಮೊಸರು. ಶೇಂಗಾದಲ್ಲಿ ಸುಮಾರು ಅರ್ಧ ಪಾಲು ಎಣ್ಣೆ, ಕಾಲು ಪಾಲು ಪ್ರೋಟೀನು. ಗುರೆಳ್ಳು, ಅಗಸಿಗಳಲ್ಲೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯೇ. ಕೊಬ್ಬು ಹೆಚ್ಚಿನ ಊಟಕ್ಕೆಂದು ಆವಕಾಡೊ, ಆಲಿವ್ ಎಣ್ಣೆ, ಪೊಟ್ಟಣದ ಬಾದಾಮಿ ಹಿಟ್ಟು ತರಿಸಿ ತಿಂಗಳೊಪ್ಪತ್ತಿನಲ್ಲಿ ದುಡ್ಡೂ ಉತ್ಸಾಹವೂ ಮುಗಿದು ಕೂತವರಿಗೆ ಈ ಬುಟ್ಟಿಯನ್ನು ತೋರಿಸಬೇಕು ಅನ್ನಿಸುತ್ತದೆ. ಬೇಕಾದದ್ದೆಲ್ಲ ಅದರಲ್ಲೇ ಇದೆ. ಅಳತೆಯಷ್ಟೇ ತಿರುಗಬೇಕು. ಇಂದು ನಾಲ್ಕು ರೊಟ್ಟಿಗೆ ಒಂದು ಚಮಚ ಪಲ್ಯ ನಂಜಿಕೊಳ್ಳುತ್ತೇವೆ. ಪಲ್ಯ, ಕಾಳು, ಮೊಸರು ಊಟವಾಗಿ ರೊಟ್ಟಿಯೇ ನಂಜಿಕೆಯಾಗಲಿ.

ಬಾದಾಮಿಯ ಬಂಡೆಯಲ್ಲಿ ಉಣ್ಣುವುದು, ಬಿಡುವುದು ಎಂಬ ಈ ಚಿಂತೆಯ ಎರಡು ತುದಿಗಳಿವೆ. ಮೂರನೆಯ ಗುಹೆಯಲ್ಲಿ ಚಾಲುಕ್ಯ ವಂಶದ ಮಂಗಲೇಶನ ಕ್ರಿ.ಶ. 578ರ ಶಾಸನವಿದೆ. ದಿನವೂ ಹದಿನಾರು ಮಂದಿ ಬ್ರಾಹ್ಮಣರಿಗೂ ಉಳಿದದ್ದರಲ್ಲಿ ಪರಿವ್ರಾಜಕರಿಗೂ ಊಟ ನಡೆಯಲೆಂದು ಹಳ್ಳಿಯೊಂದನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಅಲ್ಲಿಂದ ಸ್ವಲ್ಪ ಮೇಲೆ ಹತ್ತಿದರೆ ನಾಲ್ಕನೆಯ ಗುಹೆಯಲ್ಲಿ ಊಟವನ್ನೂ ಲೋಕವನ್ನೂ ಬಿಟ್ಟು ನಿಂತ ಬಾಹುಬಲಿ, ಕಾಲಿಗೆ ಬಳ್ಳಿ ಹಬ್ಬಿದೆ. ಪಥ್ಯ ಹಿಡಿದವರು ಮನಸ್ಸಿನಲ್ಲಿ ಬಾಹುಬಲಿಯನ್ನೇ ಇಟ್ಟುಕೊಂಡಿರುತ್ತಾರೆ: ಒಂಟಿಯಾಗಿ, ಅಲುಗದೆ, ಸ್ವಂತ ಛಲದಿಂದ ಗೆಲ್ಲಬೇಕು ಎಂದು. ಆದರೆ ತಪಸ್ವಿ ಪಂಕ್ತಿಯನ್ನೇ ಬಿಟ್ಟು ಎದ್ದು ಹೋದವನು. ಮಧುಮೇಹಿ ದಿನಕ್ಕೆ ಎರಡು ಮೂರು ಸಲ ಅದೇ ಪಂಕ್ತಿಗೆ ಬಂದು ಕೂರಬೇಕು, ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಬೀಗರ ಮನೆಯ ಹೋಳಿಗೆಗೆ ಉತ್ತರ ಹೇಳಬೇಕು. ಎಲ್ಲರ ನಡುವೆ ಉಣ್ಣುತ್ತಲೇ ಮಿತ ಕಾಯುವುದು ತಪಸ್ಸಿಗಿಂತ ಕಷ್ಟದ ಕೆಲಸವೆಂದು ನಾನು ನಂಬಿದ್ದೇನೆ. ಅದಕ್ಕೆ ಛಲ ಸಾಲದು.

ಏನು ಬೇಕು ಎಂಬುದಕ್ಕೆ ಇಳಕಲ್ ಒಂದು ದಾರಿ ತೋರಿಸಿದೆ. ಅಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಕಾಳುಕಡಿಯ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಕುಡಿತ, ತಂಬಾಕು, ಗುಟ್ಕಾ ಏನಿದ್ದರೂ ಜೋಳಿಗೆಗೆ ಹಾಕಿ ಎಂದರು. 'ಮಹಾಂತ ಜೋಳಿಗೆ' ಎಂದೇ ಅದು ನಾಡಿನಲ್ಲೆಲ್ಲ ಹೆಸರಾಯಿತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಜೋಳಿಗೆಯ ಶಕ್ತಿ ಎಲ್ಲಿತ್ತು? ಚಟ ಬಿಡುವವನು ಒಳಗೊಳಗೇ ನಿರ್ಧರಿಸಿ ಒಂಟಿಯಾಗಿ ಹೆಣಗಲಿಲ್ಲ. ನಾಲ್ಕು ಜನರೆದುರು, ತನ್ನನ್ನು ಹೀಯಾಳಿಸದ ಒಬ್ಬ ಹಿರಿಯರ ಕೈಗೆ ಅದನ್ನು ಕೊಟ್ಟ. ಕೊಟ್ಟದ್ದನ್ನು ತಿರುಗಿ ಕೇಳುವುದು ಈ ಸೀಮೆಯಲ್ಲಿ ಮರ್ಯಾದೆಯಲ್ಲ. ಮರುದಿನದಿಂದ ಓಣಿಯವರೇ ಅವನ ಮಾತಿಗೆ ಸಾಕ್ಷಿಯಾದರು, ಅವನಿಗೆ ಗ್ಲಾಸು ಮುಂದೆ ಮಾಡಲು ಗೆಳೆಯರೂ ಹಿಂಜರಿದರು.

ಆದರೆ ರೊಟ್ಟಿಯನ್ನು ಜೋಳಿಗೆಗೆ ಹಾಕಲಾಗದು. ಹೆಂಡ ದುಶ್ಚಟ, ರೊಟ್ಟಿ ಪ್ರಸಾದ. ಪಿಷ್ಟ ಬಿಡಿಸುವ ಬೋಧೆಗಳು ಬಹಳ ಸಲ ಎಡವುವುದು ಇಲ್ಲಿಯೇ. ಧಾನ್ಯವನ್ನು ವಿಷವೆಂದು ಬೈಯುತ್ತವೆ. ಬೆವರಿನಿಂದ ಬೆಳೆದದ್ದನ್ನು ವಿಷವೆಂದು ಕರೆದು ಅದೇ ಮನೆಯಲ್ಲಿ ದಿನವೂ ಉಣ್ಣಲು ಯಾರಿಂದ ಆದೀತು? ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಸ್ಥಳಕ್ಕೆ ಬಂದವರು ದಾಸೋಹದಲ್ಲಿ ಕೂರುವಾಗ ಪಾಲಿಸುವ ನಡೆಯೊಂದಿದೆ. ಬೇಕಾದಷ್ಟೇ ನೀಡಿಸಿಕೊಳ್ಳಬೇಕು, ನೀಡಿಸಿಕೊಂಡದ್ದನ್ನು ಚೆಲ್ಲಬಾರದು. ಕಡಿಮೆ ನೀಡಿಸಿಕೊಳ್ಳುವುದು ಅಲ್ಲಿ ಅನ್ನಕ್ಕೆ ಅವಮಾನವಲ್ಲ, ಅದೇ ಮರ್ಯಾದೆ. ಅರ್ಧ ರೊಟ್ಟಿ ಮುರಿದುಕೊಂಡು ಉಳಿದರ್ಧವನ್ನು ಬುಟ್ಟಿಯಲ್ಲೇ ಬಿಡುವವನು ರೊಟ್ಟಿಯನ್ನು ತಿರಸ್ಕರಿಸಿದವನಲ್ಲ. ಪ್ರಸಾದವೆಂಬ ಭಾವ ಉಳಿದಿದ್ದರೆ ಮಿತವೂ ಭಕ್ತಿಯೇ ಆಗುತ್ತದೆ. ಶರಣರು ದಿನನಿತ್ಯದ ನೇಮವಾಗಿ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದರು. ವರ್ಷಕ್ಕೊಮ್ಮೆಯ ದೊಡ್ಡ ವ್ರತಕ್ಕಿಂತ ದಿನದಿನದ ಸಣ್ಣ ನೇಮ ಮನುಷ್ಯನನ್ನು ಹೆಚ್ಚು ಬದಲಿಸುತ್ತದೆ ಎಂಬ ಅರಿವು ಅದರ ಹಿಂದಿದೆ.

ಹಾಗಾಗಿ ಇಪ್ಪತ್ತು ಗ್ರಾಮಿನ ಕಟ್ಟಳೆ ಈ ಸೀಮೆಯ ಹೆಚ್ಚಿನವರಿಗೆ ಹೊಂದುವುದಿಲ್ಲ, ಅದು ಬೇಕಾಗಿಯೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ 'ಇಂಡಿಯಾಬ್' ಸಮೀಕ್ಷೆಯ 2025ರ ವರದಿಯಂತೆ ನಾವು ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಪಿಷ್ಟದಿಂದಲೇ ಬರುತ್ತದೆ. ಅಕ್ಕಿ ಬಿಟ್ಟು ಗೋಧಿಯ ಅಥವಾ ಸಿರಿಧಾನ್ಯದ ಹಿಟ್ಟಿಗೆ ಬದಲಾದ ಮಾತ್ರಕ್ಕೆ, ಒಟ್ಟು ಪಿಷ್ಟ ತಗ್ಗದಿದ್ದರೆ, ಮಧುಮೇಹದ ಅಪಾಯ ಕಡಿಮೆಯಾಗದು ಎಂದೂ ಅದು ಹೇಳಿತು. ಜೋಳ ತಿನ್ನುವ ನಮಗೇನೂ ಆಗದು ಎಂಬ ನಮ್ಮವರ ಧೈರ್ಯ ಇಲ್ಲಿ ಉಳಿಯುವುದಿಲ್ಲ. ಇದೇ ಸಂಶೋಧಕರ ವಲಯದ 2022ರ ಇನ್ನೊಂದು ಅಧ್ಯಯನ ಹೊಸ ಮಧುಮೇಹಿಗಳಿಗೆ ಪಿಷ್ಟವನ್ನು ಶೇ. 50ರ ಆಸುಪಾಸಿಗೆ ಇಳಿಸಿ ಪ್ರೋಟೀನನ್ನು ಶೇ. 20ಕ್ಕೆ ಏರಿಸುವ ದಾರಿ ಸೂಚಿಸಿತು. ಊಟದ ಕೊನೆಯ ಅನ್ನ ಮೊದಲು ಹೋಗಲಿ, ಚಹಾದ ಸಕ್ಕರೆ ಅದರ ಹಿಂದೆ ಹೋಗಲಿ, ರೊಟ್ಟಿ ಒಂದಕ್ಕೆ ಇಳಿಯಲಿ. ಅಮೀನಗಡದ ಕರದಂಟಿನ ವಿಷಯದಲ್ಲಿ ಮಾತ್ರ ಮನಸ್ಸು ಗಟ್ಟಿ ಮಾಡಬೇಕು. ಅಂಟು, ಒಣಕೊಬ್ಬರಿ, ಗೋಡಂಬಿ, ತುಪ್ಪ ಎಲ್ಲ ಇದ್ದರೂ ಅವನ್ನು ಹಿಡಿದಿಡುವುದು ಬೆಲ್ಲ. ಮುಧೋಳ, ಮಹಾಲಿಂಗಪುರದ ಕಬ್ಬಿನ ಜಿಲ್ಲೆಯಲ್ಲಿ ಬೆಲ್ಲಕ್ಕೆ ಬೇಡವೆನ್ನುವುದು ರೊಟ್ಟಿಗೆ ಬೇಡವೆನ್ನುವಷ್ಟೇ ಕಠಿಣ.

ಎಚ್ಚರಿಕೆಯ ಮಾತೂ ಇದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಏಕಾಏಕಿ ರೊಟ್ಟಿ-ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಕುಸಿದು ಬೀಳಬಹುದು. ಗ್ಲಿಫ್ಲೋಜಿನ್ ಜಾತಿಯ ಮಧುಮೇಹದ ಮಾತ್ರೆ ತಿನ್ನುವವರು ಕೀಟೋ ಊಟಕ್ಕೆ ಇಳಿದರೆ ರಕ್ತ ಆಮ್ಲೀಯವಾಗುವ ಗಂಡಾಂತರವಿದೆ. ಮೂತ್ರಪಿಂಡದ ತೊಂದರೆ ಇದ್ದವರು, ಬಸುರಿಯರು ತಾವೇ ಪ್ರಯೋಗಕ್ಕೆ ಇಳಿಯಬಾರದು. ಕೊಬ್ಬು ಹೆಚ್ಚಲಿ ಎಂದರೆ ಡಾಲ್ಡಾದಲ್ಲಿ ಕರಿದ ಮಿರ್ಚಿಬಜ್ಜಿ ಎಂದು ಅರ್ಥವಲ್ಲ.

ಇನ್ನು ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವೆಗೂ ಮಂಗಳೂರಿಗೂ ದುಡಿಯಲು ಹೋಗಿ ದಿನವಿಡೀ ಕಲ್ಲು ಹೊರುವವರಿಗೆ ರೊಟ್ಟಿ ಬಿಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆ ಪಿಷ್ಟ ಮಧ್ಯಾಹ್ನದೊಳಗೆ ಬೆವರಾಗಿ ಇಳಿದಿರುತ್ತದೆ. ಈ ಮಾತು ಕೂತು ದುಡಿಯುವವರಿಗೆ, ಕುಣಿಮಗ್ಗದಲ್ಲಿ ಇಡೀ ದಿನ ಸೀರೆ ನೇಯುವವರಿಗೆ, ಅಂಗಡಿ, ಕಚೇರಿ, ಶಾಲೆಗಳಲ್ಲಿ ಇರುವವರಿಗೆ.

ಮತ್ತು ಒಬ್ಬಳಿಗೆ, ಆಕೆಯ ಹೆಸರು ಯಾವ ಪಥ್ಯದ ಚೀಟಿಯಲ್ಲೂ ಬರುವುದಿಲ್ಲ. ಗಂಡನಿಗೆ ಸಕ್ಕರೆ ಕಾಯಿಲೆ ಎಂದರೆ ಮನೆಯಲ್ಲಿ ಎರಡು ಅಡುಗೆ ಆಗುತ್ತದೆ, ಎರಡನ್ನೂ ಮಾಡುವವಳು ಅವಳೇ. ಹೆಂಡತಿಗೆ ಸಕ್ಕರೆ ಕಾಯಿಲೆ ಎಂದರೆ ಒಂದೇ ಅಡುಗೆ. ಆಕೆ ಎಲ್ಲರಿಗೂ ರೊಟ್ಟಿ ಬಡಿದು, ಪಲ್ಯವನ್ನೆಲ್ಲ ಬಡಿಸಿ, ಕೊನೆಗೆ ಉಳಿದ ತಣ್ಣನೆ ರೊಟ್ಟಿಯನ್ನು ಖಾರದ ಜೊತೆ ಉಣ್ಣುತ್ತಾಳೆ. ಗಡಿಗೆಯ ತಳದಲ್ಲಿ ಕಾಳು ಉಳಿದಿರುವುದಿಲ್ಲ, ಮೊಸರೂ ಇರುವುದಿಲ್ಲ. ಪಿಷ್ಟ ಹೆಚ್ಚು, ಪ್ರೋಟೀನು ಕಡಿಮೆ ಎಂಬ ಇಡೀ ದೇಶದ ದೂರು ಈ ಮನೆಗಳಲ್ಲಿ ಆಕೆಯ ಗಂಗಾಳದಲ್ಲೇ ಎಲ್ಲಕ್ಕಿಂತ ಹೆಚ್ಚು ನಿಜ. ನಿಮ್ಮ ಸಕ್ಕರೆ ತೋರಿಸಲು ಬಾಗಲಕೋಟೆಗೋ ಇಳಕಲ್ಲಿಗೋ ಹೋಗುವ ದಿನ ಆಕೆಯನ್ನೂ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಂದು ರಾತ್ರಿ ಕಾಳಿನ ಪಲ್ಯವನ್ನು ಮೊದಲು ಆಕೆಗೆ ನೀಡಿ.