ಓಟದೊಳಗೊಂದು ಓಟ

ದೂರ ಓಡುವ ಹವ್ಯಾಸ ಅಂಟಿಸಿಕೊಂಡವರಿಗೆ ಭಾನುವಾರದ ಬೆಳಗು ಒಂದು ವ್ರತವಿದ್ದ ಹಾಗೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರು. ಅಷ್ಟು ದೂರವನ್ನು ಒಂದೇ ಸಲಕ್ಕೆ ಓಡಬೇಕೆಂದರೆ ಮೂರು ನಾಲ್ಕು ತಿಂಗಳು ಮೊದಲಿನಿಂದಲೇ ವಾರಕ್ಕೊಮ್ಮೆ ಇಪ್ಪತ್ತು, ಇಪ್ಪತ್ತೈದು, ಮೂವತ್ತು ಕಿಲೋಮೀಟರು ನಿಧಾನವಾಗಿ ಓಡಿ ಮೈಯನ್ನು ಪಳಗಿಸಬೇಕು. ಈ ವ್ರತಕ್ಕೆ ಭಂಗ ಬರುವುದು ಸಾಮಾನ್ಯವಾಗಿ ಮದುವೆ, ನಾಮಕರಣಗಳಿಂದ. ಅಪರೂಪಕ್ಕೆ ಓಟದಿಂದಲೇ ಭಂಗ ಬರುವುದೂ ಉಂಟು. ಅದೇ ಭಾನುವಾರ ಊರಿನಲ್ಲಿ ಎಂಟು ಕಿಲೋಮೀಟರಿನ ರಸ್ತೆ ಓಟದ ಸ್ಪರ್ಧೆ ಇಟ್ಟಿರುತ್ತಾರೆ. ಅದಕ್ಕೆ ಹೋದರೆ ಅಭ್ಯಾಸ ತಪ್ಪುತ್ತದೆ. ಅಭ್ಯಾಸಕ್ಕೆ ಹೋದರೆ ಊರಿನ ಹಬ್ಬ ತಪ್ಪುತ್ತದೆ. ಆಗ ಜಾಣರು ಕಂಡುಕೊಂಡಿರುವ ಉಪಾಯವೆಂದರೆ ಚಿಕ್ಕದನ್ನು ದೊಡ್ಡದರ ಹೊಟ್ಟೆಯೊಳಗೆ ಇಟ್ಟುಬಿಡುವುದು: ಮೊದಲು ತಾನೇ ಹತ್ತು ಕಿಲೋಮೀಟರು, ಆಮೇಲೆ ಸ್ಪರ್ಧೆಯ ಎಂಟು, ಆಮೇಲೆ ಮತ್ತೆ ಹನ್ನೆರಡು. ಲೆಕ್ಕ ಮೂವತ್ತಕ್ಕೆ ಸರಿಹೋಗುತ್ತದೆ. ಲೆಕ್ಕವೇನೋ ಸರಿ, ನ್ಯಾಯ ಸರಿಯೆ ಎಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ.

ಇಷ್ಟು ಸಣ್ಣ ವಿಷಯಕ್ಕೆ ನ್ಯಾಯ ಅನ್ಯಾಯದ ಮಾತೇಕೆ ಎಂದು ಓದುಗರು ನಗಬಹುದು. ಮೈಯ ದೃಷ್ಟಿಯಿಂದ ನೋಡಿದರೆ ಈ ಉಪಾಯದಲ್ಲಿ ತಪ್ಪೇನೂ ಇಲ್ಲ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ನಾವು ಕೂಡಿಟ್ಟುಕೊಂಡಿರುವ ಗ್ಲೈಕೋಜನ್ ಎಂಬ ದಾಸ್ತಾನು ಸುಮಾರು ಮೂವತ್ತು ಕಿಲೋಮೀಟರಿನ ಹೊತ್ತಿಗೆ ತಳ ಕಾಣತೊಡಗುತ್ತದೆ. ದಣಿದ ಕಾಲಿನಲ್ಲಿ ಕ್ರಮ ತಪ್ಪದೆ ಓಡುವುದನ್ನು ಕಲಿಯಲು ದೀರ್ಘ ಓಟದ ನಡುವೆ ಸ್ವಲ್ಪ ವೇಗದ ಓಟವನ್ನು ಸೇರಿಸುವುದು ಒಳ್ಳೆಯದೆಂದು ತರಬೇತುದಾರರೂ ಹೇಳುತ್ತಾರೆ. ಷರತ್ತು ಒಂದೇ: ಆ ಎಂಟು ಕಿಲೋಮೀಟರಿನಲ್ಲಿ ಇರುವ ಶಕ್ತಿಯನ್ನೆಲ್ಲ ಸುರಿಯಬಾರದು. ಸುರಿದರೆ ಉಳಿದ ಹನ್ನೆರಡು ಕಿಲೋಮೀಟರು ಕುಂಟಬೇಕಾಗುತ್ತದೆ. ಅಂದರೆ ಸ್ಪರ್ಧೆಗೆ ಇಳಿದೂ ಸ್ಪರ್ಧಿಸದೆ ಇರಬೇಕು. ತೊಡಕು ಶುರುವಾಗುವುದು ಇಲ್ಲಿಂದ.

ನಮ್ಮ ತಾಲೂಕು ಕೇಂದ್ರದಲ್ಲಿ ರಾಜ್ಯೋತ್ಸವದ ಹೆಸರಿನಲ್ಲಿ ನವೆಂಬರಿನ ಒಂದು ಭಾನುವಾರ ಇಂಥ ಓಟ ನಡೆಯುತ್ತದೆ. ನಮ್ಮಲ್ಲಿ ರಾಜ್ಯೋತ್ಸವ ತಿಂಗಳುಗಟ್ಟಲೆ ನಡೆಯುವ ಹಬ್ಬವಾದ್ದರಿಂದ ಯಾವ ಭಾನುವಾರವಾದರೂ ಅಡ್ಡಿಯಿಲ್ಲ. ನಿವೃತ್ತ ಮೇಷ್ಟ್ರಾದ ನನಗೆ ಗುರಿಯ ಬಳಿ ಮೇಜು ಹಾಕಿಕೊಂಡು ಬಂದವರ ನಂಬರು ಬರೆಯುವ ಕೆಲಸ. ಒಂದು ವರ್ಷ ನನ್ನ ಗೆಳೆಯರೊಬ್ಬರು, ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು, ಹತ್ತು ಕಿಲೋಮೀಟರು ದೂರದ ತಮ್ಮ ಹಳ್ಳಿಯಿಂದ ಓಡಿಕೊಂಡೇ ಬಂದು ಎದೆಗೆ ನಂಬರು ಚುಚ್ಚಿಕೊಂಡರು. ಜನವರಿಯಲ್ಲಿ ಅವರು ಮುಂಬಯಿಯ ಮ್ಯಾರಥಾನಿಗೆ ಹೋಗುವವರಿದ್ದರು. ನಲವತ್ತು ದಾಟಿದವರ ವಿಭಾಗದಲ್ಲಿ ಅವರು ಕಿಲೋಮೀಟರಿಗೆ ಐದು ನಿಮಿಷದಂತೆ ಗಡಿಯಾರ ನೋಡಿಕೊಂಡು ಓಡಿದರು. ಮನಸ್ಸು ಮಾಡಿದ್ದರೆ ಇನ್ನೂ ಬೇಗ ಓಡಬಲ್ಲವರು. ಅವರ ಜೊತೆಜೊತೆಗೇ ಎ.ಪಿ.ಎಂ.ಸಿ. ಯಾರ್ಡಿನ ಹಮಾಲಿಯೊಬ್ಬ ಏದುಸಿರು ಬಿಡುತ್ತ ಓಡುತ್ತಿದ್ದ. ಕೊನೆಯ ಇನ್ನೂರು ಮೀಟರಿನಲ್ಲಿ ಆತ ಹಲ್ಲು ಕಚ್ಚಿ ಮುಂದೆ ಹೋದ. ಇವರು ವೇಗ ಬದಲಿಸಲಿಲ್ಲ. ಆತ ಎರಡನೆಯವನಾದ, ಇವರು ಮೂರನೆಯವರು.

ಆತ ಬಂದು ಇವರ ಕೈ ಹಿಡಿದುಕೊಂಡು, "ನಿಮ್ಮನ್ನ ಹಿಂದೆ ಹಾಕೋದ್ರಲ್ಲಿ ಜೀವ ಹೋಗಿ ಬಂತು ಸಾರ್" ಎಂದ. ಮುಖದ ತುಂಬ ನಗೆ. ನನ್ನ ಗೆಳೆಯರು, "ಚೆನ್ನಾಗಿ ಓಡಿದಿರಿ" ಎಂದರು. ಬೆಳಿಗ್ಗೆಯಿಂದ ತಾವು ಹತ್ತು ಕಿಲೋಮೀಟರು ಓಡಿ ಬಂದದ್ದನ್ನಾಗಲಿ, ಬೇಕೆಂದೇ ನಿಧಾನಿಸಿದ್ದನ್ನಾಗಲಿ ಹೇಳಲಿಲ್ಲ. ನೀರು ಕುಡಿದು ಉಳಿದ ಹನ್ನೆರಡು ಕಿಲೋಮೀಟರಿಗೆ ಹೊರಟುಹೋದರು. ಒಂದು ಗಂಟೆಯ ಮೇಲೆ ಬಹುಮಾನ ಕೊಡುವಾಗ ಮೈಕಿನಲ್ಲಿ ಅವರ ಹೆಸರನ್ನು ಮೂರು ಸಲ ಕೂಗಿದರೂ ಯಾರೂ ಬರಲಿಲ್ಲ.

ಅಂದು ಸಂಜೆ ಅವರು ಮನೆಗೆ ಬಂದು, "ಮೇಷ್ಟ್ರೇ, ನಾನು ಆತನಿಗೆ ನಿಜ ಹೇಳಬೇಕಿತ್ತೆ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಅಂದೇ ಉತ್ತರ ಕೊಡಲಿಲ್ಲ.

ಪೂರ್ತಿ ಶಕ್ತಿಯಿಂದ ಆಡದಿರುವುದನ್ನು ಆಟದ ಲೋಕ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮಹಿಳೆಯರ ಬ್ಯಾಡ್ಮಿಂಟನ್ ಡಬಲ್ಸಿನ ನಾಲ್ಕು ಜೋಡಿಗಳನ್ನು, ಅಂದರೆ ಎಂಟು ಮಂದಿಯನ್ನು, ಸ್ಪರ್ಧೆಯಿಂದಲೇ ಹೊರಗೆ ಹಾಕಿದರು. ಚೀನದ ಒಂದು, ಇಂಡೋನೇಷ್ಯದ ಒಂದು, ದಕ್ಷಿಣ ಕೊರಿಯದ ಎರಡು ಜೋಡಿಗಳು. ಮುಂದಿನ ಸುತ್ತಿನಲ್ಲಿ ಅನುಕೂಲದ ಎದುರಾಳಿ ಸಿಗಲೆಂದು ಅವರು ಬೇಕೆಂದೇ ಸೋಲಲು ಆಡಿದ್ದರು. ಅವರ ಲೆಕ್ಕವೂ ದೊಡ್ಡ ಗುರಿಗಾಗಿ ಚಿಕ್ಕದನ್ನು ಬಿಟ್ಟುಕೊಡುವುದೇ ಆಗಿತ್ತು. ಹಾಗಾದರೆ ನನ್ನ ಗೆಳೆಯರಿಗೂ ಅವರಿಗೂ ಏನು ವ್ಯತ್ಯಾಸ?

ವ್ಯತ್ಯಾಸವಿದೆ ಎಂದು ನನಗೆ ತೋರುತ್ತದೆ. ಬ್ಯಾಡ್ಮಿಂಟನ್ ಆಗಲಿ ಕುಸ್ತಿಯಾಗಲಿ ಇಬ್ಬರು ಸೇರಿ ಕಟ್ಟುವ ಆಟ. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಹಿರಿಯರು ಅಷ್ಟು ಯೋಚನೆ ಮಾಡುವುದು ಅದಕ್ಕೇ. ಒಬ್ಬ ಕೈ ಸಡಿಲಿಸಿದರೆ ಇನ್ನೊಬ್ಬನ ಗೆಲುವೂ ಟೊಳ್ಳಾಗುತ್ತದೆ. ರಸ್ತೆಯ ಓಟ ಹಾಗಲ್ಲ. ಅಲ್ಲಿ ಪ್ರತಿಯೊಬ್ಬನ ಎದುರಾಳಿ ಮೊದಲು ಆ ಎಂಟು ಕಿಲೋಮೀಟರಿನ ರಸ್ತೆ. ನನ್ನ ಗೆಳೆಯರು ಹೇಗೇ ಓಡಿರಲಿ, ಹಮಾಲಿ ಓಡಿದ ದೂರ ಒಂದು ಅಂಗುಲವೂ ಕಡಿಮೆಯಾಗಲಿಲ್ಲ. ನಾನು ಬರೆದುಕೊಂಡ ಸಮಯ ಸುಳ್ಳಾಗಲಿಲ್ಲ. ಆತನನ್ನು ಗೆಲ್ಲಿಸಲೆಂದು ಇವರು ನಿಧಾನಿಸಿದ್ದರೆ ಅದು ಕೇಳದೆ ಕೊಟ್ಟ ಭಿಕ್ಷೆಯಾಗುತ್ತಿತ್ತು. ಇವರು ಮೊದಲಿನಿಂದ ಹಿಡಿದ ವೇಗವನ್ನು ಕೊನೆಯವರೆಗೂ ಹಿಡಿದರು, ಅಷ್ಟೆ.

ಇದಕ್ಕೆ ವಿರುದ್ಧವಾದ ಕಥೆಯೊಂದು 1994ರಲ್ಲಿ ಲಾಸ್ ಏಂಜಲೀಸ್ ಮ್ಯಾರಥಾನಿನಲ್ಲಿ ನಡೆಯಿತು. ದೊಡ್ಡ ಓಟಗಳಲ್ಲಿ ಮುಂದೆ ಓಡಿ ವೇಗ ಹಾಕಿಕೊಡಲು ಸಂಬಳ ಕೊಟ್ಟು ಓಟಗಾರರನ್ನು ನೇಮಿಸುತ್ತಾರೆ. ಅವರು ಅರ್ಧ ದಾರಿಯಾದ ಮೇಲೆ ಪಕ್ಕಕ್ಕೆ ಸರಿಯುವುದು ವಾಡಿಕೆ. ಹಾಗೆ ನೇಮಕಗೊಂಡಿದ್ದ ಪಾಲ್ ಪಿಲ್ಕಿಂಗ್ಟನ್ ಅಂದು ಸರಿಯಲೇ ಇಲ್ಲ, ಓಡಿ ಮೊದಲನೆಯವನಾಗಿಬಿಟ್ಟ. ಇಟಲಿಯ ಲೂಕಾ ಬಾರ್ಜಾಘಿ ತಾನೇ ಗೆದ್ದೆನೆಂದು ತಿಳಿದು ಗುರಿ ಮುಟ್ಟಿದ. ಮುಂದೆ ಒಬ್ಬ ಹೋಗಿಯಾಗಿದೆ ಎಂಬುದು ಆತನಿಗೆ ಆಮೇಲೆ ಗೊತ್ತಾಯಿತು. ಪಿಲ್ಕಿಂಗ್ಟನ್ ಯಾವ ನಿಯಮವನ್ನೂ ಮುರಿದಿರಲಿಲ್ಲ. ಬೇರೆ ಉದ್ದೇಶದಿಂದ ಓಟಕ್ಕೆ ಇಳಿದವನು ಓಟದ ಮಧ್ಯೆ ಉದ್ದೇಶ ಬದಲಿಸಿದರೂ ಜೊತೆಯವರಿಗೆ ಗೊಂದಲವಾಗುತ್ತದೆ ಎಂಬುದನ್ನು ಮಾತ್ರ ಆ ಓಟ ತೋರಿಸಿತು. ನನ್ನ ಗೆಳೆಯರು ಕೊನೆಯ ಇನ್ನೂರು ಮೀಟರಿನಲ್ಲಿ ಆಸೆಗೆ ಬಿದ್ದು ನುಗ್ಗದೆ ಇದ್ದದ್ದು ಅದರಿಂದಲೂ ನನಗೆ ಮೆಚ್ಚುಗೆಯಾಯಿತು.

ಇನ್ನು ನಿಜ ಹೇಳುವ ಮಾತು. "ನಾನು ಹತ್ತು ಕಿಲೋಮೀಟರು ಓಡಿ ಬಂದವನು" ಎಂದು ಹೇಳಿದ್ದರೆ ಅದು ಸತ್ಯವೇ. ಆದರೆ ಆ ಸತ್ಯ ಆತನ ಕೈಯಿಂದ ಏನನ್ನೋ ಕಿತ್ತುಕೊಳ್ಳುವುದಕ್ಕೆ ಹೇಳಿದ ಸತ್ಯವಾಗುತ್ತಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಿಂದಿನ ದಿನ ಶನಿವಾರ ಆ ಹಮಾಲಿ ಲಾರಿಯಿಂದ ಎಷ್ಟು ಮೂಟೆ ಇಳಿಸಿದ್ದನೋ ನನ್ನ ಗೆಳೆಯರು ಕೇಳಲಿಲ್ಲ. ಆತನೂ ಹೇಳಲಿಲ್ಲ. ಐವತ್ತು ಕಿಲೋ ಚೀಲವನ್ನು ಬೆನ್ನಿನ ಮೇಲೆ ಹೊತ್ತು ದಿನವಿಡೀ ನಡೆದ ಕಾಲು, ಹತ್ತು ಕಿಲೋಮೀಟರು ಓಡಿದ ಕಾಲಿಗಿಂತ ಹಗುರವಾಗಿ ಓಟದ ಗೆರೆಗೆ ಬಂದು ನಿಂತಿತ್ತು ಎಂದು ಹೇಳುವವರು ಯಾರು? ಹಿರಿಯರ ವಿಭಾಗ ಬಿಟ್ಟು ಹುಡುಗರನ್ನು ನೋಡಿ. ಅವರಲ್ಲಿ ಅನೇಕರು ಪೊಲೀಸ್ ಇಲ್ಲವೆ ಸೈನ್ಯದ ನೇಮಕಾತಿಯ 1,600 ಮೀಟರ್ ಓಟಕ್ಕೆ ತಯಾರಿ ನಡೆಸುತ್ತಿರುವವರು. ಅವರಿಗೂ ಈ ಓಟ ಅಭ್ಯಾಸವೇ. ಓಟಕ್ಕಾಗಿಯೇ ಓಟಕ್ಕೆ ಬಂದವರನ್ನು ಹುಡುಕಹೊರಟರೆ ವೇದಿಕೆಯ ಮೇಲಿನ ಗಣ್ಯರಿಂದ ಹಿಡಿದು ಯಾರೂ ಸಿಗಲಾರರು.

ಆದ್ದರಿಂದ ಬೇರೆ ಉದ್ದೇಶವಿಟ್ಟುಕೊಂಡು ಬರುವುದು ತಪ್ಪಲ್ಲ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟಿಸಿದ ತನ್ನ ನೀತಿಗ್ರಂಥದಲ್ಲಿ ಮನುಷ್ಯರನ್ನು ಬರಿಯ ಸಾಧನವಾಗಿ ಬಳಸಬಾರದು ಎನ್ನುತ್ತಾನೆ. ಇಲ್ಲಿ ತೂಕವಿರುವುದು 'ಬರಿಯ' ಎಂಬ ಮಾತಿಗೆ. ಕಿರಾಣಿ ಅಂಗಡಿಯವನು ನನಗೆ ಸಾಧನ, ನಾನು ಅವನಿಗೆ ಸಾಧನ. ಆದರೂ ನಾವು ಕ್ಷೇಮ ಸಮಾಚಾರ ಕೇಳುತ್ತೇವೆ. ಹಾಗೆ ನೋಡಿದರೆ ನನ್ನ ಗೆಳೆಯರ ನಡತೆಯಲ್ಲಿ ನನಗೆ ಕೊರತೆ ಕಂಡದ್ದು ಓಟದಲ್ಲಲ್ಲ, ಓಟ ಮುಗಿದ ಮೇಲೆ. ಊರಿನ ಓಟವೆಂದರೆ ಎಂಟು ಕಿಲೋಮೀಟರು ಮಾತ್ರವಲ್ಲ. ಕೊನೆಯವನು ಬರುವವರೆಗೆ ಕಾಯುವುದು, ಚಪ್ಪಾಳೆ ತಟ್ಟುವುದು, ಪಂಕ್ತಿಯಲ್ಲಿ ಕೂತು ಉಪ್ಪಿಟ್ಟು ತಿನ್ನುವುದು, ಎರಡನೆಯವನು ಬಹುಮಾನ ತೆಗೆದುಕೊಳ್ಳುವಾಗ ಮೂರನೆಯವನು ಪಕ್ಕದಲ್ಲಿ ನಿಂತಿರುವುದು, ಇವೆಲ್ಲ ಅದರ ಭಾಗ. ಮದುವೆಗೆ ಬಂದು, ಮುಯ್ಯಿ ಮಾಡಿ, ಊಟಕ್ಕೆ ನಿಲ್ಲದೆ ಬಸ್ಸು ಹಿಡಿಯುವ ನೆಂಟನನ್ನು ನಾವು ಬೈಯುವುದಿಲ್ಲ. ಆದರೆ ಅವನು ಬಂದ ಎಂದೂ ಹೇಳುವುದಿಲ್ಲ.

ಒಂದು ವಾರದ ನಂತರ ಇದನ್ನು ಅವರಿಗೆ ಹೇಳಿದೆ. "ಒಂದು ಗಂಟೆ ನಿಂತರೆ ಕಾಲು ಬಿಗಿದುಕೊಳ್ಳುತ್ತೆ ಮೇಷ್ಟ್ರೇ, ಆಮೇಲೆ ಹನ್ನೆರಡು ಕಿಲೋಮೀಟರು ಓಡೋದು ಹೇಗೆ?" ಎಂದರು. ಮಾತು ನಿಜ. ಆದರೆ ಕೂಡುವ ಲೆಕ್ಕದಲ್ಲಿ ಅಂಕಿಗಳ ಕ್ರಮ ಬದಲಿಸಿದರೆ ಮೊತ್ತ ಬದಲಾಗುವುದಿಲ್ಲವಲ್ಲ! ಮೊದಲೇ ಇಪ್ಪತ್ತೆರಡು ಕಿಲೋಮೀಟರು ಓಡಿ ಮುಗಿಸಿ, ಸ್ಪರ್ಧೆಯ ಎಂಟನ್ನು ಕೊನೆಗೆ ಇಟ್ಟುಕೊಂಡರೆ ಆಮೇಲೆ ಹೋಗಬೇಕಾದ ಕಡೆ ಯಾವುದೂ ಉಳಿಯುವುದಿಲ್ಲ. ಅದಕ್ಕೆ ತೆರಬೇಕಾದದ್ದೂ ಉಂಟು. ಐದೂಮುಕ್ಕಾಲಿಗೆ ಮನೆ ಬಿಡುವ ಬದಲು ಕತ್ತಲಲ್ಲಿ ನಾಲ್ಕೂವರೆಗೇ ಬಿಡಬೇಕು. ದಣಿದ ಕಾಲಿನಲ್ಲಿ ಇನ್ನೂ ಹಿಂದೆ ಬೀಳಬೇಕು. ಮೂರನೆಯ ಸ್ಥಾನವೂ ಸಿಗಲಾರದು. ನಮ್ಮ ಕೆಲಸದ ನಡುವೆ ಇತರರ ಹಬ್ಬವನ್ನು ಸೇರಿಸಿಕೊಳ್ಳುವುದಾದರೆ ಆ ಅನಾನುಕೂಲವನ್ನು ನಾವು ಹೊರುವುದೇ ನ್ಯಾಯ ಎಂದು ನನಗೆ ಅನ್ನಿಸುತ್ತದೆ. ನನ್ನ ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕೂವರೆಗೆ ನಮ್ಮ ರಸ್ತೇಲಿ ನಾಯಿ ಕಾಟ ಜಾಸ್ತಿ" ಎಂದರು. ಒಂದು ಕೋಲು ಹಿಡಿದುಕೊಂಡು ಓಡಿ ಎಂದೆ.